ಎಡಗಡೆಯ ಕಿಟಕಿ

ದ್ವೀಪ ಸುತ್ತಿಸುವ ಟೂರ್ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಅಕ್ಕತಂಗಿಯರು ಬಂದರು.

“ಕಿಟಕಿ ಹತ್ರ ಕೂತ್ಕೋ ಅಕ್ಕಾ. ಸಮುದ್ರ ಎಡಗಡೆಗೇ ಬರೋದು.”

“ನೀನೇನು ಗೈಡಾ? ಮುಂಚೆ ಬಂದಿದ್ಯಾ?”

ತಂಗಿ ತಡವರಿಸಿದಳು. “ಹೋದ ವರ್ಷ. ಅಮ್ಮನ್ನ ಕರ್ಕೊಂಡು.”

“ನಿನ್ನ ಮನೇಲಿ ಎರಡು ದಿನ ಇರ್ಲಿ ಅಂತ ಕಳಿಸಿದಾಗಲಾ? ಸಾಯೋಕೆ ಮುಂಚೆ ಇದೊಂದು ತೋರಿಸ್ಲಿಲ್ವಲ್ಲ ಅಂತ ಇವತ್ತಿಗೂ ಅಳ್ತಿದೀನಲ್ಲೇ ನಾನು!”

“ನಿನಗೆ ಹೇಳ್ಬೇಡ ಅಂತ ಅಮ್ಮನೇ ಅಂದ್ಲು.”

“ಯಾಕಂತೆ?”

“ನೀನು ಬಂದ್ರೆ ದಾರಿಯುದ್ದಕ್ಕೂ ಮಾತ್ರೆ ನುಂಗು, ಸ್ವೆಟರ್ ಹಾಕ್ಕೋ ಅಂತ ಪ್ರಾಣ ತಿಂತೀಯಂತೆ. ಒಂದಿನ ಆರಾಮಾಗಿರ್ತೀನಿ ಅಂದ್ಲು.”

“ಆರು ವರ್ಷ ಅವಳನ್ನ ನೋಡ್ಕೊಂಡವಳು ನಾನು ಕಣೇ.”

“ಗೊತ್ತಕ್ಕಾ.”

“ಖುಷಿಯಾಗಿದ್ಲಾ?”

“ತುಂಬಾ.”

ಅಕ್ಕ ಚೀಲ ಎತ್ತಿಕೊಂಡು ಹಿಂದೆ ಹೋಗಿ ಬಲಗಡೆಯ ಕಿಟಕಿಯ ಪಕ್ಕ ಕೂತಳು. ಆ ಕಡೆ ಸಂಜೆಯವರೆಗೂ ಬರೀ ಗುಡ್ಡವೇ ಕಾಣುತ್ತಿತ್ತು.