ವೇಷ ಹಾಕದ ನನ್ನ ಚಿಕ್ಕಮ್ಮನ ವಿಷಯ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ತೇಳು, ವೃತ್ತಿ ಕಾದಂಬರಿಕಾರ (ಹೇಳಿಕೆ ಬರೆದುಕೊಳ್ಳುವ ಠಾಣೆಯ ರೈಟರ್ ಸಾಹೇಬರು ಮೊದಲು ‘ಕಟ್ಟುಕಥೆ ಹೇಳುವುದು’ ಎಂದು ಬರೆದುಕೊಂಡಿದ್ದು, ನನ್ನ ಒತ್ತಾಯದ ಮೇಲೆ ತಿದ್ದಲಾಗಿದೆ), ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ, ಠಾಣೆಯಲ್ಲಿ ಕೇಳಿದ್ದಕ್ಕೆ ಉತ್ತರವಾಗಿ ತಿಳಿಸುವುದೇನೆಂದರೆ:

ಬಾಗಿಲ ಬಳಿ ನಿಂತಿರುವ ವೃದ್ಧೆ ನನ್ನ ಚಿಕ್ಕಮ್ಮ, ತಾಯಿಯ ತಂಗಿ. ನನಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದು, ಅಲ್ಲಿಂದ ಸಾಕಿ ಬೆಳೆಸಿದವರು ಇವರೇ. ಎರಡು ವರ್ಷಗಳಿಂದ ಇವರಿಗೆ ಮರೆವಿನ ಕಾಯಿಲೆ ಇದೆ. ನಾನು ಇವರನ್ನು ಅಪಹರಿಸಿಲ್ಲ.

ಈ ದಿನ ಸಭಾಭವನದಲ್ಲಿ ವೈಜ್ಞಾನಿಕ ಮತ್ತು ಅದ್ಭುತ ಕಥೆಗಳ ವಾರ್ಷಿಕ ಸಮಾವೇಶವಿತ್ತು. ಓದುಗರು ತಮಗಿಷ್ಟವಾದ ಪಾತ್ರಗಳ ವೇಷ ಹಾಕಿ ಬರುತ್ತಾರೆ. ವೇಷದಲ್ಲಿರುವವರನ್ನು ಪಾತ್ರದ ಹೆಸರಿನಿಂದಲೇ ಮಾತಾಡಿಸಬೇಕು, ಅವರು ಏನು ಕೇಳಿದರೂ ಪುಸ್ತಕದಲ್ಲಿರುವ ಉತ್ತರವನ್ನೇ ಕೊಡಬೇಕು. ಇದು ಅಲ್ಲಿನ ಮರ್ಯಾದೆ. ಹನ್ನೊಂದು ಗಂಟೆಗೆ ನನ್ನ ಭಾಷಣವಿತ್ತು. ಚಿಕ್ಕಮ್ಮನನ್ನು ನೋಡಿಕೊಳ್ಳುವ ಹೆಂಗಸು ರಜೆ ಹಾಕಿದ್ದರು, ಹೆಂಡತಿ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ಬೇರೆ ದಾರಿಯಿಲ್ಲದೆ ಚಿಕ್ಕಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ.

ನನ್ನ ಈಚಿನ ಕಾದಂಬರಿಯಲ್ಲಿ ಬೀಗದಜ್ಜಿ ಎಂಬ ಪಾತ್ರವಿದೆ. ಕೊರಳಲ್ಲಿ ಕೀಗೊಂಚಲು, ಕಾಲಿಗೆ ಜೋಡಿ ತಪ್ಪಿದ ಚಪ್ಪಲಿ. ಎದುರಾದವರನ್ನೆಲ್ಲ ತನ್ನ ಮನೆ ಎಲ್ಲಿ ಎಂದು ಕೇಳುತ್ತಾಳೆ. ಆ ಪಾತ್ರವನ್ನು, ಕೀಗೊಂಚಲು ಚಪ್ಪಲಿ ಸಮೇತ, ನಾನು ಚಿಕ್ಕಮ್ಮನನ್ನು ನೋಡಿಯೇ ಬರೆದದ್ದು. ಓದುಗರಿಗೆ ಇದು ಗೊತ್ತಿಲ್ಲ.

ಭಾಷಣ ಮುಗಿಸಿ ನೋಡಿದರೆ ಕುರ್ಚಿ ಖಾಲಿ. ಬಾಗಿಲಲ್ಲಿದ್ದ ಸ್ವಯಂಸೇವಕಿ ಮುಖಕ್ಕೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡಿದ್ದಳು. ಬೀಗದಜ್ಜಿ ಈಗಷ್ಟೇ ಹೊರಗೆ ಹೋದರೆಂದೂ, ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ತಾನು ಮೂರನೇ ಚಂದ್ರನ ಹಿಂದೆ ಎಂದು ತಪ್ಪದೆ ಹೇಳಿದೆನೆಂದೂ ಹೆಮ್ಮೆಯಿಂದ ತಿಳಿಸಿದಳು. ಅದು ನಾನೇ ಬರೆದ ಉತ್ತರ. ಯಾವ ಕಡೆ ಹೋದರಮ್ಮಾ ಎಂದು ಕೇಳಿದರೆ ಆಕೆ ಆಕಾಶಕ್ಕೆ ಕೈ ತೋರಿಸಿದಳು.

ಮೈಕಿನವನ ಬಳಿಗೆ ಓಡಿದೆ. ನನ್ನ ಚಿಕ್ಕಮ್ಮ ಕಾಣೆಯಾಗಿದ್ದಾರೆ, ಅವರಿಗೆ ಏನೂ ನೆನಪಿರುವುದಿಲ್ಲ, ಕೂಡಲೇ ಕೂಗಿ ಹೇಳಿ ಎಂದು ಅಂಗಲಾಚಿದೆ. ‘ಸಾರ್, ಎರಡನೇ ಭಾಗದ ಪ್ರಚಾರಾನಾ? ಕಣ್ಣಲ್ಲಿ ನೀರು ಬೇರೆ, ಸಖತ್ತಾಗಿ ಮಾಡ್ತಿದೀರ’ ಎಂದು ಅವನು ಬೆನ್ನು ತಟ್ಟಿದನು. ಬೀಗದಜ್ಜಿ ಕಾಣೆಯಾಗಿದ್ದಾಳೆ, ಹುಡುಕಿ ತಂದವರಿಗೆ ಲೇಖಕರ ಸಹಿಯುಳ್ಳ ಪುಸ್ತಕ ಎಂದು ಘೋಷಿಸಿಬಿಟ್ಟನು. ಸ್ವಲ್ಪ ಹೊತ್ತಿನಲ್ಲೇ ಐವರು ಬೀಗದಜ್ಜಿಯರನ್ನು ತಂದು ನನ್ನ ಮುಂದೆ ನಿಲ್ಲಿಸಿದರು. ಒಬ್ಬಳಿಗೆ ಮೀಸೆಯಿತ್ತು. ಇದು ಆಟವಲ್ಲ ಎಂದು ನಾನು ಗಂಟಲು ಹರಿದುಕೊಂಡಷ್ಟೂ ಚಪ್ಪಾಳೆ ಜೋರಾಯಿತು. ಮೀಸೆಯ ಅಜ್ಜಿಯ ಕೀಗೊಂಚಲು ಕಿತ್ತು ಬಿಸಾಕಿದ್ದು ನಿಜ. ಆತನ ಕ್ಷಮೆ ಕೇಳಲು ಸಿದ್ಧನಿದ್ದೇನೆ, ಆದರೆ ಇವತ್ತಲ್ಲ.

ಒಂದೂವರೆ ಗಂಟೆಗೆ ಹಿಂಬದಿಯ ಕಟ್ಟಡದಲ್ಲಿ ವೇಷಸ್ಪರ್ಧೆಯ ವೇದಿಕೆಯ ಮೇಲೆ ಚಿಕ್ಕಮ್ಮನನ್ನು ಕಂಡೆ. ಅವರಿಗೆ ಮೊದಲ ಬಹುಮಾನ ಬಂದಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕಿರೀಟ ಹಿಡಿದು ಅಳುತ್ತಾ ನಿಂತಿದ್ದರು. ಎಂಥ ಸಹಜ ಅಭಿನಯ ಎಂದು ತೀರ್ಪುಗಾರರು ಹೊಗಳುತ್ತಿದ್ದರು. ನಾನು ವೇದಿಕೆ ಹತ್ತಿ ಅವರ ಕೈ ಹಿಡಿದೆ. ಅವರು ಕೊಸರಿಕೊಂಡು, ‘ಯಾರಪ್ಪಾ ನೀನು? ಬಿಡು ನನ್ನ ಕೈ’ ಎಂದು ಕಿರುಚಿದರು. ಬೆಳಗ್ಗೆಯಿಂದ ಅಲ್ಲಿ ಆಡಿದ ಅಷ್ಟೂ ಮಾತಿನಲ್ಲಿ ಜನ ನಿಜವೆಂದು ನಂಬಿದ್ದು ಇದೊಂದನ್ನೇ. ಕಾವಲಿನವರು ನನ್ನನ್ನು ಹಿಡಿದುಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೇದೆಗಳಿಬ್ಬರ ವೇಷ ಬಹಳ ಚೆನ್ನಾಗಿದೆ ಎಂದು ಕೆಲವರು ಅವರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡಿದ್ದಕ್ಕೆ ನಾನು ಹೊಣೆಯಲ್ಲ.

ಠಾಣೆಯಲ್ಲಿ ವಿಚಾರಿಸಿದಾಗ ಚಿಕ್ಕಮ್ಮ, ಮನೆಯಲ್ಲಿ ತನ್ನ ಜೊತೆ ಇರುವುದು ಅಕ್ಕನ ಮಗ ಗುಂಡ, ಅವನು ಎರಡನೇ ಕ್ಲಾಸು, ಈ ಗಡ್ಡದವರು ಯಾರೋ ಗೊತ್ತಿಲ್ಲ ಎಂದರು. ಆ ಗುಂಡ ನಾನೇ. ಸಂಬಂಧ ತೋರಿಸುವ ಕಾಗದಗಳನ್ನು ನನ್ನ ಹೆಂಡತಿ ರಾತ್ರಿಯೊಳಗೆ ತರುತ್ತಾಳೆ. ಅಲ್ಲಿಯವರೆಗೆ ವೃದ್ಧೆಯನ್ನು ಮಹಿಳೆಯರ ಆಶ್ರಯಧಾಮಕ್ಕೆ ಕಳಿಸುವುದು ನಿಯಮ ಎಂದು ಇನ್‌ಸ್ಪೆಕ್ಟರ್ ಹೇಳಿದ್ದಾರೆ. ದಯವಿಟ್ಟು ಕಳಿಸಬೇಡಿ. ಗೊತ್ತಿಲ್ಲದ ಜಾಗದಲ್ಲಿ ಅವರು ಕೂರುವುದೂ ಇಲ್ಲ, ತಿನ್ನುವುದೂ ಇಲ್ಲ, ಬಾಗಿಲ ಚಿಲಕ ಹಿಡಿದು ನಿಂತೇ ಇರುತ್ತಾರೆ. ನನ್ನ ಜೊತೆ ಮನೆಗೆ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಹೆಂಡತಿ ಬರುವ ತನಕ ನನ್ನ ಕಣ್ಣೆದುರಿಗೆ ಇರಲಿ ಎಂದಷ್ಟೇ ಕೈ ಮುಗಿದು ಕೇಳುತ್ತಿದ್ದೇನೆ.

ಇಷ್ಟು ಬರೆಸುವ ಹೊತ್ತಿಗೆ ಮಹಿಳಾ ಪೇದೆಯವರು ಚಿಕ್ಕಮ್ಮನನ್ನು ಜೀಪಿನ ಕಡೆ ಕರೆದರು. ಚಿಕ್ಕಮ್ಮ ಒಪ್ಪಲಿಲ್ಲ. ಅವರ ಮಾತನ್ನು ಇನ್‌ಸ್ಪೆಕ್ಟರ್ ಹೇಳಿದ ಪ್ರಕಾರ ಇದ್ದ ಹಾಗೆಯೇ ಬರೆದುಕೊಳ್ಳಲಾಗಿದೆ: ‘ಪಾಪ, ಈ ಹುಡುಗನ ಚಿಕ್ಕಮ್ಮ ಕಳೆದುಹೋಗಿದಾರಂತೆ. ಆಗಿಂದ ಬಡ್ಕೊಳ್ತಾ ಇದಾನೆ, ನೀವು ಯಾರೂ ಕಿವಿಗೇ ಹಾಕ್ಕೊಳ್ತಿಲ್ಲ. ಅವರು ಸಿಗೋವರೆಗೂ ನಾನು ಇವನನ್ನ ಬಿಟ್ಟು ಎಲ್ಲಿಗೂ ಬರಲ್ಲ.’

ಹೀಗೆಂದು ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತಿದ್ದಾರೆ. ಜೀಪನ್ನು ವಾಪಸು ಕಳಿಸಲಾಗಿದೆ.

ನಾನು ಬರೆಸಿದ್ದನ್ನು ನನಗೆ ಓದಿ ಹೇಳಲಾಗಿದ್ದು, ಎಲ್ಲವೂ ನಡೆದದ್ದು ನಡೆದ ಹಾಗೆಯೇ ಇದೆ, ಇದರಲ್ಲಿ ಕಲ್ಪನೆ ಎಂಬುದಿಲ್ಲ. ಬಲಗೈಯನ್ನು ಚಿಕ್ಕಮ್ಮ ಹಿಡಿದುಕೊಂಡಿರುವುದರಿಂದ ಸಹಿಯನ್ನು ಎಡಗೈಯಲ್ಲಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಸಮಾವೇಶದ ಎರಡನೇ ದಿನ, ಶನಿವಾರ
(ಸಹಿ) ಹೇಳಿಕೆ ಕೊಟ್ಟವರು