ಬಿಟ್ಟುಹೋದ ಜೋಡಿ ಹಾಡು

ನಗೋರು ನಗಲಿ. ಇದು ನಮ್ಮ ಪಕ್ಕದ ಮನೆ ಆಲ್ವರೀನ್ ಅಜ್ಜಿಗೆ ಆದದ್ದು.

ಹೊತ್ತು ಮೀರಿತ್ತು. ಕಿಂಗ್‌ಸ್ಟನ್ನಿನಿಂದ ಬಂದ ಕೊನೇ ವ್ಯಾನು ಅವಳನ್ನು ಗುಡ್ಡದ ಬುಡದಲ್ಲಿ ಇಳಿಸಿತು. ಕಂಕುಳಲ್ಲಿ ಹೊಸ ರೆಕಾರ್ಡು. ಹಳೇ ರೆಗೆ ಹಾಡುಗಾರ ಕ್ಲೋವಿಸ್ ಕರುಳು ಹಿಂಡೋ ಹಾಗೆ ಹಾಡಿದ್ದನ್ನೆಲ್ಲ ಆರಿಸಿ, ಅವನು ಸತ್ತ ಮೇಲೆ ಒಂದೇ ತಟ್ಟೆಗೆ ಹಾಕಿದ್ದರು. ಅವನ ಬೆನ್ನ ಹಿಂದೆ ನಿಂತು ದನಿಗೂಡಿಸುತ್ತಿದ್ದವಳು ಇವಳೇ. ಅರ್ಧ ಆಯುಸ್ಸು ಹಾಗೇ ಕಳೆದಿತ್ತು. ಮದುವೆ ಆಗಲಿಲ್ಲ. ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

"ಅಜ್ಜೀ, ಬೂರುಗದ ಮರದ ಹತ್ರ ಯಾರಾದ್ರೂ ಕರೆದ್ರೆ ಓಗೊಡ್ಬೇಡ. ದೆವ್ವ ಇರುತ್ತೆ," ಅಂದ ಡ್ರೈವರು.

"ನನ್ನ ಕರೆಯೋರು ಯಾರಿದಾರೋ? ದೆವ್ವನಾದ್ರೂ ಕರೀಲಿ ಬಿಡು."

ಅವನು ನಕ್ಕು ಹೊರಟ. ದೀಪದ ಬೆಳಕೂ ಅವನ ಹಿಂದೆಯೇ ಹೋಯಿತು...

ಮರಗಪ್ಪೆಗಳು ಟಿಣ್... ಟಿಣ್... ಅನ್ನುತ್ತಿದ್ದವು. ಅವಳು ಬೂರುಗದ ಬೇರಿನ ಹತ್ತಿರ ಬಂದದ್ದೇ ತಡ, ಎಲ್ಲವೂ ಒಟ್ಟಿಗೆ ಬಾಯಿ ಮುಚ್ಚಿದವು. ಹಿಂದೆ ಚಪ್ಪಲಿಯ ಸದ್ದು. ಸರ್... ಟಪ್. ಸರ್... ಟಪ್. ಒಂದು ಕಾಲು ಎಳೆದು ನಡೆಯುವವನದು. ಆ ನಡಿಗೆ ಅವಳಿಗೆ ಗೊತ್ತು.

"ಆಲ್ವೀ..."

ರೆಕಾರ್ಡನ್ನು ಎದೆಗೆ ಒತ್ತಿಕೊಂಡಳು. ತಿರುಗಿ ನೋಡಲಿಲ್ಲ.

"ಯಾವ್ಯಾವ್ದು ಹಾಕಿದಾರೆ?"

ಒಂದೊಂದೇ ಹಾಡಿನ ಹೆಸರು ಪಿಸುಗುಟ್ಟಿದಳು.

"ನಾವಿಬ್ರೇ ಜೋಡೀಲಿ ಹಾಡಿದ್ದು?"

"ಅದನ್ನ ಬಿಟ್ಟಿದಾರೆ, ಕ್ಲೋವಿಸ್."

ಕಿವಿಯ ಹತ್ತಿರ ಒಂದು ಉಸಿರು. ತಣ್ಣಗೆ.

"ಹಂಗಾದ್ರೆ ನೀನೇ ಹೇಳೇ. ನಂಗೆ ಮರ್ತೋಗ್ತಿದೆ."

ಬೇರೆ ಯಾರಾದರೂ ಎದ್ದುಬಿದ್ದು ಓಡುತ್ತಿದ್ದರು. ಇವಳು ಓಡಲಿಲ್ಲ. ನಡೆಯುತ್ತಲೇ ಹಾಡಿದಳು. ವಯಸ್ಸಾದ ಒಡಕು ದನಿ. ಎರಡನೇ ಸಾಲಿಗೆ ಕೆಳದನಿಯೊಂದು ಬಂದು ಸೇರಿತು. ಆಗೆಲ್ಲ ಅವಳು ಅವನ ಹಿಂದೆ. ಈಗ ಅವನು ಅವಳ ಹಿಂದೆ. ಹಾಗೇ ಗೇಟಿನ ತನಕ... ಅಗುಳಿ ಕಿರ್ ಅಂದಿತು. ಹಾಡು ಮುಗಿಯಿತು.

"ಒಳಗೆ ಬರ್ತೀಯಾ?" ಅಂದಳು. ಜೀವಮಾನದಲ್ಲೇ ಮೊದಲ ಸಲ ಕೇಳಿದ್ದು.

ಕಪ್ಪೆಗಳು ಮತ್ತೆ ಶುರುಮಾಡಿದವು. ಅವಳು ಒಳಗೆ ಹೋಗಿ, ಬಾಗಿಲಿಗೆ ಚಿಲಕ ಹಾಕದೆ, ಗೋಡೆಗೆ ಮುಖ ಮಾಡಿ ಮಲಗಿ ಅತ್ತಳು.

ಬೆಳಿಗ್ಗೆ ಹುರಿದ ಮೀನು ಕೊಡೋಕೆ ನಾನು ಹೋದಾಗ ಜಗಲಿಯಲ್ಲಿ ಸುಮ್ಮನೆ ನಿಂತಿದ್ದಳು. ರಾತ್ರಿ ಇಬ್ಬನಿ ಜೋರಾಗಿ ಬಿದ್ದಿತ್ತು. ಮೆಟ್ಟಿಲು, ಕಟಕಟೆ, ಅವಳು ದಿನಾ ಕೂರೋ ಕುರ್ಚಿ, ಎಲ್ಲ ತೊಯ್ದಿತ್ತು. ಪಕ್ಕದ ಖಾಲಿ ಕುರ್ಚಿ ಮಾತ್ರ ಒಣಗಿತ್ತು.

ಸುಳ್ಳಲ್ಲ. ನಾನೇ ಕೈಯಿಟ್ಟು ನೋಡಿದೀನಿ... ಬೆಚ್ಚಗಿತ್ತು.