ಎರಡನೇ ಚರಣದಲ್ಲಿ ಕೇಳಿಸಿದ ಉಸಿರಿನ ಬಗ್ಗೆ ಹೇಳಿಕೆ

ಹೆಸರು ಮತ್ತು ತಂದೆಯ ಹೆಸರು: ಬೆಳಿಗ್ಗೆ ಕೊಟ್ಟ ದೂರಿನಲ್ಲಿ ಇರುವಂತೆ. ವಯಸ್ಸು: 43 ವರ್ಷ. ಉದ್ಯೋಗ: ಗಾಯಕಿ, ಎರಡು ವರ್ಷದಿಂದ ಹಾಡುವುದಿಲ್ಲ. ವಾಸ: ಅಂಚೆ ಕಚೇರಿಯ ಹಿಂದಿನ ಬೀದಿ, ಮೂರನೇ ಮಹಡಿ.

ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ನನ್ನ ದನಿ ಪಿಸುಮಾತಿನಷ್ಟೇ ಉಳಿದಿರುವುದರಿಂದ, ಕೇಳಿಸದ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಆರು ಚೀಟಿಗಳನ್ನು ಇದರೊಂದಿಗೆ ಲಗತ್ತಿಸಿದೆ. ವಿಚಾರಿಸಿದ್ದಕ್ಕೆ ನಾನು ಹೇಳುವುದು ಹೀಗಿದೆ:

ಇಂದು ಶನಿವಾರ ಬೆಳಿಗ್ಗೆ 10.20ಕ್ಕೆ ನಮ್ಮ ಸ್ಟುಡಿಯೋದ ಕಬ್ಬಿಣದ ಬೀರುವಿನಲ್ಲಿ ಇರಬೇಕಾದ ಕಪ್ಪು ಹಾರ್ಡ್ ಡಿಸ್ಕ್ ಇರಲಿಲ್ಲ. ಅದನ್ನು ಮೊದಲು ಗಮನಿಸಿದವಳು ನಾನು, ಠಾಣೆಗೆ ತಿಳಿಸಿದವಳೂ ನಾನೇ. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲಿದೆ ಎಂದು ತಿಳಿಯಿತು. ಅದರೊಳಗೆ ಏನು ಉಳಿದಿದೆ ಎಂದು ತಿಳಿದಿಲ್ಲ.

ನಾನು ಮತ್ತು ನನ್ನ ತಮ್ಮ ಹದಿನೇಳು ವರ್ಷದಿಂದ ಜೋಡಿಯಾಗಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದೇವೆ. ಯಂತ್ರಗಳು ಅವನವು, ದನಿ ನನ್ನದು. ಕಂಡ ಗುಂಡಿಯನ್ನೆಲ್ಲ ಒತ್ತಿ ನೋಡುವ ಅಭ್ಯಾಸ ಚಿಕ್ಕಂದಿನಿಂದ ಇದ್ದುದರಿಂದ ಮನೆಯಲ್ಲೂ ವೇದಿಕೆಯಲ್ಲೂ ಅವನಿಗೆ ಸ್ವಿಚ್ಚು ಎಂದೇ ಹೆಸರು. ಕಳೆದ ವರ್ಷ ನಮ್ಮ ಹಳೆಯ ಎಂಟು ಹಾಡುಗಳನ್ನು ಬೇರೆ ಶೈಲಿಯಲ್ಲಿ ಮತ್ತೆ ಕಟ್ಟಲು ಶುರುಮಾಡಿದೆವು. ಕುಣಿಯುವುದಕ್ಕೆಂದು ಮಾಡಿದ, ನಿಮಿಷಕ್ಕೆ 128 ಬಡಿತದ ಹಾಡುಗಳನ್ನು 70ಕ್ಕೆ ಇಳಿಸಿ, ಪಿಯಾನೋ ಒಂದನ್ನೇ ಇಟ್ಟುಕೊಳ್ಳುವುದು ಯೋಚನೆ.

ನಾನು ಮತ್ತೆ ಹಾಡಲಾರೆ. ಆದರೆ ಆ ಹಾಡುಗಳನ್ನು ಮೊದಲು ಮಾಡಿದಾಗ ನನ್ನ ದನಿಯನ್ನು ವಾದ್ಯಗಳಿಂದ ಬೇರೆಯಾಗಿ ಮುದ್ರಿಸಿದ್ದೆವು. ಆ ಬರಿಯ ದನಿ ಈ ಡಿಸ್ಕಿನಲ್ಲಿದೆ. ಅದನ್ನೇ ತೆಗೆದು ಹೊಸ ಸಂಗೀತದ ಮೇಲೆ ಇಡಬೇಕೆಂದು ಮಾತಾಗಿತ್ತು. ಬೇರೆ ಪ್ರತಿ ಇಲ್ಲ. ಇನ್ನೊಂದು ಪ್ರತಿ ಮಾಡು ಎಂದು ನಾನು ಹೇಳಿದ್ದು ಮೂರು ಸಲ, ಮಾಡುತ್ತೇನೆ ಎಂದು ಅವನು ಹೇಳಿದ್ದೂ ಮೂರು ಸಲ.

ಇದೇ 9ರ ಸೋಮವಾರ ಸಂಜೆ 4.30ಕ್ಕೆ, ಹೊಸದಾಗಿ ಕಟ್ಟಿದ ಮೊದಲ ಹಾಡನ್ನು ನನ್ನ ತಮ್ಮ ಸ್ಟುಡಿಯೋದಲ್ಲಿ ಕೇಳಿಸಿದ. ಅವನ ಹೆಂಡತಿ ಹಿಂದೆ ಮರದ ಕುರ್ಚಿಯಲ್ಲಿ ಕುಳಿತಿದ್ದಳು. ಹಳೆಯ ದನಿಯನ್ನು ಅಷ್ಟು ನಿಧಾನಕ್ಕೆ ಎಳೆದರೆ ಅಂಚು ಹರಿದ ಹಾಗೆ ಕೇಳಿಸುತ್ತದೆ. ಇದರಲ್ಲಿ ಹಾಗೆ ಕೇಳಿಸಲಿಲ್ಲ. ಅವನ ಕೈಚಳಕ ಎಂದುಕೊಂಡು ಬೆನ್ನು ತಟ್ಟಿದೆ. ಅವನು ನನ್ನ ಮುಖ ನೋಡಲಿಲ್ಲ. ಒಂದು ಪ್ರತಿಯನ್ನು ನನ್ನ ಫೋನಿಗೆ ಹಾಕಿಸಿಕೊಂಡು ಮನೆಗೆ ಹೋದೆ.

ಅಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಒಂಬತ್ತು ಸಲ ಕೇಳಿದೆ. 2 ನಿಮಿಷ 14 ಸೆಕೆಂಡಿಗೆ, ಎರಡನೇ ಚರಣದಲ್ಲಿ, 'ಬಾಗಿಲಾಚೆ' ಎಂಬ ಪದದ ನಡುವೆ ಉಸಿರು ಎಳೆದುಕೊಂಡ ಸದ್ದಿದೆ. ಹದಿನೈದು ವರ್ಷದ ಹಿಂದೆ ಮುದ್ರಿಸಿದ ದಿನ ನಾನು ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿದ್ದೆ. ಎರಡು ತಿಂಗಳಾದ ಮೇಲೆ, ವೇದಿಕೆಯಲ್ಲಿ ಕುಣಿಯುತ್ತ ಹಾಡುವಾಗ ದಮ್ಮು ಸಾಲದೆ ಆ ಪದವನ್ನು ಮುರಿದೆ. ಅದು ತಪ್ಪು. ಜನಕ್ಕೆ ಅದೇ ಹಿಡಿಸಿತು. ಆಮೇಲೆ ಹೋದಲ್ಲೆಲ್ಲ ಆ ಜಾಗ ಬಂದಾಗ ಸಭೆಯೇ ನನ್ನ ಜೊತೆ ಉಸಿರೆಳೆಯುತ್ತಿತ್ತು. ಡಿಸ್ಕಿನಲ್ಲಿರುವ ದನಿಯಲ್ಲಿ ಈ ಉಸಿರು ಇರಲು ಸಾಧ್ಯವಿಲ್ಲ.

ವೇದಿಕೆಯಲ್ಲಿ ಮುದ್ರಿಸಿದ್ದು ಇರಬಹುದಲ್ಲ ಎಂದು ಅಧಿಕಾರಿಗಳು ಕೇಳಿದರು. ಹಾಗಿದ್ದರೆ ಜನರ ಉಸಿರೂ ಕೇಳಿಸಬೇಕು. ಇದರಲ್ಲಿ ಇದ್ದುದು ಒಬ್ಬರದೇ. ಅಲ್ಲದೆ 3 ನಿಮಿಷ 2 ಸೆಕೆಂಡಿಗೆ ಕುರ್ಚಿ ಕಿರ್ ಎಂದ ಸದ್ದಿದೆ. ನಾನು ಒಂದು ದಿನವೂ ಕುಳಿತು ಹಾಡಿದವಳಲ್ಲ.

ಮಂಗಳವಾರ ತಮ್ಮನಿಗೆ ಫೋನ್ ಮಾಡಿ ಡಿಸ್ಕ್ ಕೊಡು ಎಂದೆ. ಹಲ್ಲಿನ ಡಾಕ್ಟರ ಬಳಿ ಇದ್ದೇನೆ ಎಂದ. ಗುರುವಾರ ಮತ್ತೆ ಕೇಳಿದೆ. ಅದಕ್ಕೆ ಹಾಕುವ ಕೇಬಲ್ ಸಿಗುತ್ತಿಲ್ಲ ಎಂದ. ನಮ್ಮ ಸ್ಟುಡಿಯೋದಲ್ಲಿ ಎರಡು ಗೋಣಿಚೀಲ ತುಂಬ ಕೇಬಲ್ ಇವೆ.

ಆದ್ದರಿಂದ ಇಂದು ಬೆಳಿಗ್ಗೆ ನನ್ನ ಕೀಲಿಯಿಂದ ನಾನೇ ಬಾಗಿಲು ತೆಗೆದೆ. ಬೀರುವಿನ ಬೀಗ ಒಡೆದಿರಲಿಲ್ಲ. ಅದಕ್ಕೆ ಇರುವುದು ಎರಡೇ ಕೀಲಿ, ನನ್ನದು ಮತ್ತು ಅವನದು. ಡಿಸ್ಕ್ ಇಡುವ ಡಬ್ಬಿ ಖಾಲಿಯಾಗಿತ್ತು. ಮೇಜಿನ ಮೇಲೆ ಹಾಡು ಬಿಡುಗಡೆ ಮಾಡುವ ಕಂಪನಿಯ ಪತ್ರವಿತ್ತು. ಈ ಎಂಟು ಹಾಡುಗಳ ನಂತರ ಹತ್ತು ಹೊಸ ಹಾಡುಗಳು ಎಂದು ಅದರಲ್ಲಿತ್ತು, ದನಿ ಎಂಬಲ್ಲಿ ನನ್ನ ಹೆಸರಿತ್ತು.

10.24ಕ್ಕೆ ತಮ್ಮನಿಗೆ ಫೋನ್ ಮಾಡಿದೆ. ಕಳ್ಳತನ ಆಗಿರಬೇಕು, ಯಾರಿಗೂ ಹೇಳಬೇಡ, ಈಗಲೇ ಬರುತ್ತೇನೆ ಎಂದ. ಅವನ ಮನೆ ಆರುನೂರು ಮೀಟರ್ ದೂರ. 10.55ರವರೆಗೂ ಬರಲಿಲ್ಲ. ಠಾಣೆಗೆ ನಡೆದು ಬಂದು ದೂರು ಕೊಟ್ಟೆ.

11.40ಕ್ಕೆ ವಾಪಸು ಹೋದಾಗ ಗಂಡ ಹೆಂಡತಿ ಇಬ್ಬರೂ ಸ್ಟುಡಿಯೋದಲ್ಲಿದ್ದರು. ಮೇಜಿನ ಮೇಲೆ ಪತ್ರ ಇರಲಿಲ್ಲ. ದೂರು ಕೊಟ್ಟು ಬಂದೆ ಎಂದೆ. ಮನೆಯ ವಿಷಯಕ್ಕೆ ಪೊಲೀಸರ ಹತ್ತಿರ ಹೋಗುತ್ತಾರಾ ಎಂದು ತಮ್ಮ ಕೇಳಿದ. "ಕಳ್ತನ ಅಂದೋನು ನೀನೇ. ಕಳ್ಳ ಮನೆಯವನೇ ಅಂತ ನಿಂಗೆ ಹೆಂಗೆ ಗೊತ್ತಾಯ್ತೋ ಸ್ವಿಚ್ಚು?" ಎಂದು ಕೇಳಿದೆ.

ಅವನ ಹೆಂಡತಿ ಹನ್ನೊಂದು ವರ್ಷ ನಮ್ಮ ಎಲ್ಲ ಕಾರ್ಯಕ್ರಮಗಳಲ್ಲಿ ವೇದಿಕೆಯ ಪಕ್ಕ ನಿಂತು ನನಗೆ ನೀರು, ಟವೆಲು ಕೊಟ್ಟವಳು. ಮಂಡಿನೋವು ಬಂದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಫೋನಿನಲ್ಲಿ ಹಾಡು ಹಾಕಿ, ಆ ಉಸಿರಿನ ಬಳಿ ನಿಲ್ಲಿಸಿ, ಇದು ಯಾರದು ಎಂದು ಕೇಳಿದೆ. ನಿನ್ನದೇ ಅಕ್ಕ ಎಂದು ತಮ್ಮ ಹೇಳಿದ. ನಾನು ಅವನನ್ನು ನೋಡುತ್ತಿರಲಿಲ್ಲ. ಅವಳು ಮರದ ಕುರ್ಚಿಯಲ್ಲಿ ಕುಳಿತಳು. ಕುರ್ಚಿ ಕಿರ್ ಎಂದಿತು.

"ಅಲ್ಲಿ ಉಸಿರು ತಗೊಳ್ದೆ ಹಾಡಿದ್ರೆ ಅದು ನೀವು ಅನ್ಸೋದೇ ಇಲ್ಲ ಅತ್ತಿಗೆ" ಎಂದಳು.

ಅವಳು ಚೆನ್ನಾಗಿ ಹಾಡಿದ್ದಾಳೆ. ಇದನ್ನೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ.

ಅನಂತರ ತಮ್ಮ ಹೇಳಿದ್ದೇನೆಂದರೆ, ಡಿಸ್ಕ್ ಅವನ ಮನೆಯ ಬಟ್ಟೆ ಬೀರುವಿನ ಮೇಲಿನ ಅರೆಯಲ್ಲಿದೆ. ಎಂಟು ತಿಂಗಳ ಹಿಂದೆ ಅವನ ಕೈಜಾರಿ ನೆಲಕ್ಕೆ ಬಿತ್ತು, ಅಂದಿನಿಂದ ತೆರೆಯುತ್ತಿಲ್ಲ. ಅದನ್ನು ನನಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲವಂತೆ. ನಾನು ಇದನ್ನು ನಂಬಿಲ್ಲ. ಕೆಟ್ಟುಹೋದದ್ದನ್ನು ದುರಸ್ತಿಗೆ ಕೊಡುತ್ತಾರೆ, ಬಟ್ಟೆಯ ಹಿಂದೆ ಇಡುವುದಿಲ್ಲ. ಹಳೆಯ ಡಿಸ್ಕಿನಿಂದ ಹತ್ತು ಹೊಸ ಹಾಡುಗಳಿಗೆ ದನಿ ಬರುವುದೂ ಇಲ್ಲ. ನನ್ನ ದನಿ ಇನ್ನು ಬೇಡವಾಗಿ, ಹೆಸರು ಮಾತ್ರ ಬೇಕಾಗಿದೆ ಎಂಬ ಅನುಮಾನ ನನಗಿದೆ.

ಡಿಸ್ಕ್ ಎಲ್ಲಿದೆ ಎಂದು ಗೊತ್ತಾದ ಮೇಲೆ ದೂರು ವಾಪಸು ಪಡೆಯುತ್ತೀರಾ ಎಂದು ಅಧಿಕಾರಿಗಳು ಕೇಳಿದರು. ಇಲ್ಲ. ನಾನು ಹಾಡಿದ್ದು ಇನ್ನೂ ಇದೆಯೋ ಇಲ್ಲವೋ ಎಂದು ನನ್ನ ಕಿವಿಯಿಂದ ಕೇಳಬೇಕು. ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ಇದು ನಿಜ.

ಸ್ಥಳ: ಠಾಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 1.35
(ಹೇಳಿಕೆದಾರರ ಸಹಿ)

ಮುಂದಿನ ಹಾಜರಿ: 16ರ ಸೋಮವಾರ ಬೆಳಿಗ್ಗೆ 11 ಗಂಟೆ. ತಮ್ಮನು ಡಿಸ್ಕ್ ತರತಕ್ಕದ್ದು. ಇಬ್ಬರ ಎದುರಿಗೆ ತಂತ್ರಜ್ಞರು ಅದನ್ನು ತೆರೆಯಲು ಪ್ರಯತ್ನಿಸುವರು. ಹೇಳಿಕೆದಾರರು ಸ್ವಂತ ಹೆಡ್‌ಫೋನ್ ತರುವುದಾಗಿ ತಿಳಿಸಿರುತ್ತಾರೆ.